ಡಿಸ್ಕ್ ನಮ್ಮ ಮನೇಲಿ, ಬೀಗದ ಕೈ ಕಂಪನಿ ಹತ್ರ!

ಪಹಣಿ, ಸರ್ವೆ ನಕ್ಷೆ, ಸಾಲದ ಕಾಗದ, ಬೆಳೆ ಹಾನಿಯ ಫೋಟೊ, ತೋಟದ ಕ್ಯಾಮೆರಾ ವಿಡಿಯೊ – ಈಗ ಎಲ್ಲವೂ ಮೊಬೈಲ್‌ನಲ್ಲೇ. ಫೋನ್ ತುಂಬಿಹೋದಾಗ ಕೆಲವರು ಮನೆಯ ವೈಫೈಗೆ ಜೋಡಿಸುವ ಹಾರ್ಡ್ ಡಿಸ್ಕ್ ತಗೊಳ್ತಾರೆ. ಮಂಡಿಯಲ್ಲಿದ್ರೂ ಬ್ಯಾಂಕಿನಲ್ಲಿದ್ರೂ ಆ್ಯಪ್ ತೆರೆದರೆ ಮನೆಯ ಫೈಲು ಕೈಯಲ್ಲಿ. ‘ಡಿಸ್ಕ್ ನಮ್ಮ ಮನೇಲೇ ಇದೆಯಲ್ಲ, ಇನ್ನೇನು ಭಯ?’ ಅನ್ನಿಸುತ್ತೆ. ಅದು ಅರ್ಧ ಮಾತ್ರ ನಿಜ.

ಏನಾಗಿತ್ತು?

2023ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ವೆಸ್ಟರ್ನ್ ಡಿಜಿಟಲ್ ಕಂಪನಿಯ ಕಂಪ್ಯೂಟರ್‌ಗಳಿಗೆ ಹ್ಯಾಕರ್‌ಗಳು ನುಗ್ಗಿದರು. ಏಪ್ರಿಲ್ ಮೊದಲ ವಾರ ಅದರ ‘ಮೈ ಕ್ಲೌಡ್’ ಸೇವೆ ನಿಂತಿತು. ಸುಮಾರು ಹತ್ತು ದಿನ ಸೇವೆ ಇರಲಿಲ್ಲ. ಡಿಸ್ಕ್ ಮೇಜಿನ ಮೇಲೇ ಇದ್ದರೂ ಎಷ್ಟೋ ಜನಕ್ಕೆ ತಮ್ಮದೇ ಫೈಲು ತೆರೆಯಲು ಆಗಲಿಲ್ಲ. ಯಾಕಂದ್ರೆ ಲಾಗಿನ್ ಪರೀಕ್ಷೆ ನಡೆಯುತ್ತಿದ್ದದ್ದು ಕಂಪನಿಯ ಸರ್ವರ್‌ನಲ್ಲಿ. ಮನೆಯೊಳಗಿಂದಲೇ ತೆರೆಯುವ ದಾರಿಯನ್ನು ಕಂಪನಿ ಹೇಳಿಕೊಟ್ಟದ್ದು ಕೆಲವು ದಿನ ಕಳೆದ ಮೇಲೆ.

ನಮಗೆ ಹತ್ತು ದಿನ ಅಂದ್ರೆ ಏನು? ಆಲಿಕಲ್ಲು ಮಳೆಗೆ ಬೆಳೆ ಹೋದರೆ ಫಸಲ್ ಬಿಮಾ ಯೋಜನೆಯಲ್ಲಿ 72 ಗಂಟೆಯೊಳಗೆ ತಿಳಿಸಬೇಕು. ಆಗ ದಾಖಲೆ ಸಿಗದಿದ್ದರೆ ಪರದಾಟವೇ.

ಸರ್ವರ್ ಯಾಕೆ ಬೇಕು?

ಮೊಬೈಲ್ ಇಂಟರ್ನೆಟ್‌ನಲ್ಲಿ ಒಂದೇ ಐಪಿ ವಿಳಾಸವನ್ನು ಬಹಳ ಗ್ರಾಹಕರು ಹಂಚಿಕೊಂಡಿರುತ್ತಾರೆ. ಹಾಗಾಗಿ ಹೊರಗಿನಿಂದ ನಿಮ್ಮ ಡಿಸ್ಕ್‌ನ ಬಾಗಿಲು ನೇರ ತಟ್ಟೋಕೆ ಆಗಲ್ಲ. ಕಂಪನಿಯ ಸರ್ವರ್ ಮಂಡಿಯ ದಲ್ಲಾಳಿಯಂತೆ ನಡುವೆ ನಿಂತು ಫೋನಿಗೂ ಡಿಸ್ಕ್‌ಗೂ ಗಂಟು ಹಾಕುತ್ತದೆ. ದಲ್ಲಾಳಿ ರಜೆ ಹಾಕಿದರೆ ವ್ಯವಹಾರ ಬಂದ್.

ಹಾಗಂತ ಯೂಟ್ಯೂಬ್ ನೋಡಿ ರೂಟರ್‌ನಲ್ಲಿ ಪೋರ್ಟ್ ತೆರೆದು ಡಿಸ್ಕನ್ನು ನೇರ ಇಂಟರ್ನೆಟ್‌ಗೆ ಬಿಡಬೇಡಿ. 2021ರ ಜೂನ್‌ನಲ್ಲಿ ಇದೇ ಕಂಪನಿಯ ಹಳೆಯ ‘ಮೈ ಬುಕ್ ಲೈವ್’ ಡಿಸ್ಕ್‌ಗಳನ್ನು ದುಷ್ಕರ್ಮಿಗಳು ದೂರದಿಂದಲೇ ಖಾಲಿ ಮಾಡಿದರು. ಅವಕ್ಕೆ 2015ರಿಂದ ಅಪ್‌ಡೇಟೇ ಬಂದಿರಲಿಲ್ಲ.

ಇಷ್ಟು ಮಾಡಿ

* ಇವತ್ತೇ ಪರೀಕ್ಷೆ ಮಾಡಿ: ವೈಫೈ ಆನ್ ಇರಲಿ, ರೂಟರ್‌ಗೆ ಬರುವ ಇಂಟರ್ನೆಟ್ ಕೇಬಲ್ ಮಾತ್ರ ತೆಗೆಯಿರಿ, ಫೋನಿನ ಡೇಟಾ ಆಫ್ ಮಾಡಿ. ಈಗ ಫೈಲು ತೆರೆಯುತ್ತಾ? ಇಲ್ಲಾಂದ್ರೆ ಸೆಟ್ಟಿಂಗ್‌ನಲ್ಲಿ ‘ಲೋಕಲ್ ಆಕ್ಸೆಸ್’ ಹುಡುಕಿ ಆನ್ ಮಾಡಿ.
* ಹೊಸ ಡಿಸ್ಕ್, ಕ್ಯಾಮೆರಾ ಕೊಳ್ಳುವಾಗ ‘ಕಂಪನಿ ಸರ್ವರ್ ಇಲ್ಲದೆ ನಡೆಯುತ್ತಾ?’ ಅಂತ ಕೇಳಿ. ಕ್ಯಾಮೆರಾಗೆ ಮೆಮೊರಿ ಕಾರ್ಡ್ ಇರಲಿ.
* ಪಂಪ್‌ಸೆಟ್‌ನ ಮೊಬೈಲ್ ಸ್ಟಾರ್ಟರ್‌ಗೂ ಇದೇ ಮಾತು. ಆ್ಯಪ್ ಜೊತೆ ಮಿಸ್ಡ್ ಕಾಲ್ ಅಥವಾ ಎಸ್ಸೆಮ್ಮೆಸ್‌ನಿಂದಲೂ ನಡೆಯುವಂಥದ್ದು ಒಳ್ಳೇದು.
* ಪಹಣಿ ಮತ್ತೆ ತೆಗೆಸಬಹುದು, ಹಾನಿಯ ಫೋಟೊ ಮತ್ತೆ ಸಿಗಲ್ಲ. ಅಂಥವನ್ನು ಮೂರು ಕಡೆ ಇಡಿ: ಫೋನಿನಲ್ಲಿ, ಡಿಸ್ಕ್‌ನಲ್ಲಿ, ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿ ಬೇರೆ ಮನೆಯಲ್ಲಿ.
* ಆ್ಯಪ್‌ಗೆ ಬೇರೆಯದೇ ಪಾಸ್‌ವರ್ಡ್ ಇಡಿ, ಓಟಿಪಿ ಲಾಗಿನ್ ಆನ್ ಮಾಡಿ, ಅಪ್‌ಡೇಟ್ ಬಂದರೆ ಹಾಕ್ಕೊಳ್ಳಿ.

ಬಿತ್ತನೆ ಬೀಜವನ್ನು ನಾವು ಒಂದೇ ಚೀಲದಲ್ಲಿ ಇಡಲ್ಲ. ದಾಖಲೆಯೂ ಹಾಗೇ.