ನುಡಿ ನಿಂತರೂ ಅರಿವು ನಿಲ್ಲದು

ನಡೆಯೂ ನುಡಿಯೂ ಒಂದಾಗಿರಬೇಕೆಂಬುದು ಶರಣರು ನಮಗೆ ಬಿಟ್ಟುಹೋದ ಬಾಳಿನ ಅಳತೆಗೋಲು. ಅಂತೆಯೇ ನಮ್ಮ ಮನೆತನಗಳಲ್ಲಿ ಹಿರಿಯರ ಮಾತಿಗೆ ವಿಶೇಷ ಬೆಲೆಯುಂಟು. ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯ ಬಿಜ್ಜರಗಿಯಂಥ ಊರಿನಲ್ಲಿ ಈ ಬೆಲೆ ಇನ್ನೂ ಹೆಚ್ಚು. ತಮ್ಮ ಸರಳ ಪ್ರವಚನಗಳಿಂದ ನಾಡನ್ನೇ ತಣಿಸಿ, 2023ರ ಜನವರಿ 2ರಂದು ದೇಹವನ್ನು ತೊರೆದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಜನಿಸಿದ ಊರದು. ಇಂಥ ನೆಲದಲ್ಲಿ ಮನೆಯ ಯಜಮಾನನಿಗೆ ಒಂದು ಮುಂಜಾನೆ ಲಕ್ವಾ ಹೊಡೆದು, ಬಾಯಿಂದ ಪದವೇ ಹೊರಡದಂತಾದರೆ ಆ ಮನೆಯವರ ಕಳವಳವನ್ನು ಊಹಿಸಬಹುದು. ಆದರೆ ಆ ಕಳವಳದಲ್ಲಿ ನಾವು ಒಂದು ದೊಡ್ಡ ತಪ್ಪು ತೀರ್ಮಾನಕ್ಕೆ ಬರುವ ಅಪಾಯವಿದೆ. ಮಾತು ಹೋಯಿತೆಂದರೆ ಬುದ್ಧಿಯೂ ಹೋಯಿತೆಂದು ಎಣಿಸುವುದೇ ಆ ತಪ್ಪು.

ವೈದ್ಯರು ಈ ಸ್ಥಿತಿಯನ್ನು ಅಫೇಸಿಯಾ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಇದನ್ನು ಭಾಷಾಲೋಪವೆನ್ನಬಹುದು. ಮೆದುಳಿನ ಒಂದು ಭಾಗಕ್ಕೆ ರಕ್ತ ಹರಿಯುವುದು ನಿಂತಾಗ, ಅಥವಾ ರಕ್ತನಾಳ ಒಡೆದಾಗ ಪಾರ್ಶ್ವವಾಯು ಉಂಟಾಗುತ್ತದೆ. ಬಹುಪಾಲು ಜನರಲ್ಲಿ ಭಾಷೆಯನ್ನು ನಡೆಸುವ ಕೇಂದ್ರಗಳು ಮೆದುಳಿನ ಎಡಭಾಗದಲ್ಲಿರುತ್ತವೆ. ಆ ಎಡಭಾಗವೇ ಬಲಗೈ ಬಲಗಾಲುಗಳನ್ನೂ ಆಳುತ್ತದೆ. ಆದ್ದರಿಂದಲೇ ಬಲಮಗ್ಗುಲು ಸೋತವರಲ್ಲಿ ಮಾತೂ ಸೋಲುವುದನ್ನು ಹೆಚ್ಚಾಗಿ ಕಾಣುತ್ತೇವೆ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಈ ತೊಂದರೆ ತಲೆದೋರುತ್ತದೆ.

1861ರಲ್ಲಿ ಪ್ಯಾರಿಸ್ ನಗರದ ವೈದ್ಯ ಪಾಲ್ ಬ್ರೋಕಾ ಅವರು 'ಟಾನ್' ಎಂಬ ಒಂದೇ ಉಚ್ಚಾರವುಳಿದ ರೋಗಿಯೊಬ್ಬನನ್ನು ಪರೀಕ್ಷಿಸಿದರು. ಅವನಿಗೆ ಪರರ ಮಾತು ಬಹುಮಟ್ಟಿಗೆ ತಿಳಿಯುತ್ತಿತ್ತು. ತಾನು ನುಡಿಯುವುದು ಮಾತ್ರ ಆಗುತ್ತಿರಲಿಲ್ಲ. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಅವರು ಇನ್ನೊಂದು ಬಗೆಯನ್ನು ವಿವರಿಸಿದರು. ಇಲ್ಲಿ ಮಾತು ಸರಾಗವಾಗಿ ಹರಿಯುತ್ತದೆ, ಆದರೆ ಪದಗಳು ತಾಳಮೇಳವಿಲ್ಲದೆ ಬರುತ್ತವೆ; ಪರರು ಆಡಿದ್ದನ್ನು ಗ್ರಹಿಸುವುದೂ ಕಷ್ಟವಾಗುತ್ತದೆ. ಇಂಥವರನ್ನು ಹುಚ್ಚು ಹಿಡಿದವರೆಂದೋ, ಗಾಳಿ ಸೋಕಿದವರೆಂದೋ ತಿಳಿದು ಮಂತ್ರ ಮಾಟಗಳ ಬೆನ್ನು ಹತ್ತುವುದು ವ್ಯರ್ಥ. ಇದು ದೇಹದ ವ್ಯಾಧಿಯೇ ಹೊರತು ಮನೋವಿಕಾರವಲ್ಲ.

ಈ ವ್ಯಾಧಿಯ ಒಂದು ವಿಚಿತ್ರ ಗುಣವನ್ನು ಪ್ರತಿ ಕುಟುಂಬವೂ ಅರಿತಿರಬೇಕು. ಸೊಸೆ ಕೇಳಿದಾಗ 'ನೀರು' ಎನ್ನಲಾಗದ ಹಿರಿಯರು ಲಿಂಗಪೂಜೆಯ ಹೊತ್ತಿನಲ್ಲಿ ಷಡಕ್ಷರಿ ಮಂತ್ರವನ್ನು ತಪ್ಪಿಲ್ಲದೆ ಉಚ್ಚರಿಸಬಹುದು, ಒಂದರಿಂದ ಹತ್ತರವರೆಗೆ ಎಣಿಸಬಹುದು, ಭಜನೆಯಲ್ಲಿ ದನಿಗೂಡಿಸಬಹುದು. ಬಾಳಿಡೀ ರೂಢಿಯಾದ ನುಡಿಗಳು ಮೆದುಳಿನಲ್ಲಿ ಬೇರೆ ದಾರಿಯಿಂದ ಹೊರಬರುವುದೇ ಇದಕ್ಕೆ ಕಾರಣ. ಇದನ್ನು ಕಂಡ ಮನೆಯವರು, "ಮಂತ್ರ ಹೇಳಾಕ ಬರ್ತೈತಿ, ನಮ್ಮ ಜೋಡಿ ಮಾತಾಡಾಕ ಬರೂದಿಲ್ಲೇನು? ಇದು ಬರೇ ಹಟ" ಎಂದುಬಿಡುತ್ತಾರೆ. ಇದಕ್ಕಿಂತ ಘೋರವಾದ ಅನ್ಯಾಯ ಮತ್ತೊಂದಿಲ್ಲ. ಹಾಗೆಯೇ ಎಂದೂ ಕೆಟ್ಟ ಮಾತಾಡದ ಸಜ್ಜನರ ಬಾಯಿಂದ ಹಠಾತ್ತನೆ ಬೈಗುಳ ಹೊರಡುವುದೂ ಉಂಟು. ಅದೂ ಅವರ ಇಚ್ಛೆಯಿಂದ ಬಂದುದಲ್ಲ. ಅದಕ್ಕಾಗಿ ಅವರನ್ನು ಗದರಿಸುವುದೂ, ನಾಲ್ಕು ಜನರಿಂದ ಮರೆಮಾಡುವುದೂ ಸಲ್ಲದು.

ಇನ್ನೊಂದು ತಪ್ಪು ಎಣಿಕೆಯುಂಟು. ಮಾತು ಬಾರದಿದ್ದರೆ ಬರೆದಾದರೂ ತೋರಿಸಲೆಂದು ಕೈಗೆ ಪಾಟಿ ಬಳಪ ಕೊಡುತ್ತೇವೆ. ಭಾಷಾಲೋಪದಲ್ಲಿ ಓದು ಬರಹಗಳೂ ಸಾಮಾನ್ಯವಾಗಿ ಕುಂದುತ್ತವೆ. ಬರೆಯಲಾಗಲಿಲ್ಲವೆಂದ ಮಾತ್ರಕ್ಕೆ ಅವರಿಗೇನೂ ತಿಳಿಯದೆಂದು ಭಾವಿಸಲಾಗದು.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಮೊದಲು ದೂರದರ್ಶನದ ಸದ್ದನ್ನು ನಿಲ್ಲಿಸಿರಿ. ಎದುರಿಗೆ ಕುಳಿತು, ಮುಖ ನೋಡಿ, ಒಮ್ಮೆಗೆ ಒಬ್ಬರೇ ಮಾತನಾಡಿರಿ. ಅವರು ಕಿವುಡರಲ್ಲವಾದ್ದರಿಂದ ಕೂಗುವ ಅಗತ್ಯವಿಲ್ಲ. ಮಕ್ಕಳೊಡನೆ ಆಡುವಂಥ ತೊದಲು ನುಡಿಯೂ ಬೇಡ. ಮನೆಯಲ್ಲಿ ನಿತ್ಯ ಆಡುವ ಕನ್ನಡವನ್ನೇ ಚಿಕ್ಕ ವಾಕ್ಯಗಳಲ್ಲಿ ಆಡಿರಿ. ಗಡಿನಾಡಿನ ಮನೆಗಳಲ್ಲಿ ಕನ್ನಡದೊಡನೆ ಮರಾಠಿಯೂ ಬಳಕೆಯಲ್ಲಿರುತ್ತದೆ. ಎರಡರಲ್ಲಿ ಒಂದು ಭಾಷೆ ಮೊದಲು ಮರಳಬಹುದು. ಯಾವುದು ಮರಳಿದರೂ ಅದನ್ನು ಸ್ವಾಗತಿಸಿರಿ.

"ಏನು ಬೇಕು?" ಎಂಬ ಪ್ರಶ್ನೆ ಅವರಿಗೆ ಬೆಟ್ಟದಷ್ಟು ಭಾರವಾಗುತ್ತದೆ. ಬದಲಿಗೆ ಎರಡು ವಸ್ತುಗಳನ್ನು ತೋರಿಸಿ, "ಮಾವಾರ, ಚಾ ಬೇಕೋ, ಹಾಲು ಬೇಕೋ?" ಎಂದು ಕೇಳಿದರೆ ಕಣ್ಣಿನಿಂದಲೋ ಬೆರಳಿನಿಂದಲೋ ಉತ್ತರ ಬರುತ್ತದೆ. 'ಹೌದು', 'ಇಲ್ಲ'ಗಳು ಅವರಲ್ಲಿ ಅದಲುಬದಲಾಗುವುದುಂಟಾದ್ದರಿಂದ, ತಿಳಿದುದನ್ನು ಮತ್ತೊಮ್ಮೆ ಹೇಳಿ ಖಾತ್ರಿ ಮಾಡಿಕೊಳ್ಳಿರಿ. ಕೇಳಿದ ಬಳಿಕ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಅವರ ಅರ್ಧ ಮಾತನ್ನು ಕಸಿದುಕೊಂಡು ನೀವೇ ಮುಗಿಸಬೇಡಿರಿ. ತಿಳಿಯದಿದ್ದಾಗ ತಿಳಿದಂತೆ ನಟಿಸಬೇಡಿರಿ.

ಕುಶಲ ವಿಚಾರಿಸಲು ಬರುವ ಬೀಗರು ಬಿಜ್ಜರು ಹಾಸಿಗೆಯ ಸುತ್ತ ನೆರೆದು, "ನಾ ಯಾರು ಹೇಳ್ರಿ ನೋಡೋಣ" ಎಂದು ಪರೀಕ್ಷಿಸುವ ರೂಢಿಯೊಂದಿದೆ. ಗುರುತು ಸಿಕ್ಕರೂ ಹೆಸರು ನಾಲಗೆಗೆ ಬಾರದೆ ಆ ಹಿರಿಯರು ಕಣ್ಣೀರು ತುಂಬುತ್ತಾರೆ. ಬಂದವರು ತಮ್ಮ ಹೆಸರನ್ನು ತಾವೇ ಹೇಳಿ, ಮಳೆ ಬೆಳೆಯ ಸುದ್ದಿ ತಿಳಿಸಿ, ಕೈ ಹಿಡಿದು ಕುಳಿತರೆ ಅದೇ ನಿಜವಾದ ಸಾಂತ್ವನ.

ಮನೆಯೊಳಗೆ ಧೈರ್ಯ ಬಂದ ಮೇಲೆ ಹೊರಗೆ ಹೆಜ್ಜೆ ಇಡಬೇಕು. ಕುಟುಂಬದವರ ಭಾವಚಿತ್ರ, ಔಷಧ, ಊಟ, ಹೊಲ, ಮಠ ಇವುಗಳ ಚಿತ್ರಗಳನ್ನು ಒಂದು ಪುಸ್ತಕದಲ್ಲಿ ಅಂಟಿಸಿರಿ. ಅಥವಾ ಮೊಬೈಲಿನಲ್ಲಿ ಇಟ್ಟುಕೊಡಿರಿ. ಕಿಸೆಯಲ್ಲಿ ಒಂದು ಚೀಟಿ ಇರಲಿ: 'ನನಗೆ ಲಕ್ವಾ ಆಗಿದೆ. ಮಾತಾಡುವುದು ಕಷ್ಟ. ದಯವಿಟ್ಟು ನಿಧಾನವಾಗಿ ಮಾತಾಡಿ, ಸ್ವಲ್ಪ ಹೊತ್ತು ಕೊಡಿರಿ.' ಅಂಗಡಿಯವನಿಗೂ ಬಸ್ ಕಂಡಕ್ಟರನಿಗೂ ಅದನ್ನು ತೋರಿಸುವುದರಲ್ಲಿ ನಾಚಿಕೆಯೇನೂ ಇಲ್ಲ. ಪರಿಚಯದ ಒಂದೇ ಅಂಗಡಿಯಿಂದ ಆರಂಭಿಸಿ, ಕ್ರಮೇಣ ಸಂತೆಗೂ ಜಾತ್ರೆಗೂ ಹೋಗಬಹುದು.

ಮನೆತನದ ವ್ಯವಹಾರಗಳಲ್ಲಿಯೂ ಅವರ ಸ್ಥಾನ ಅಳಿಯಬಾರದು. ಹೊಲದ ಕಾಗದ, ಮದುವೆಯ ಮಾತುಕತೆ ಮುಂತಾದುವನ್ನು ಅವರ ಎದುರಿನಲ್ಲಿಯೇ ನಡೆಸಿ, ಬಿಡಿಬಿಡಿಯಾಗಿ ತಿಳಿಸಿ, ಅಭಿಪ್ರಾಯ ಪಡೆಯಬೇಕು. ಅವಸರದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಧರ್ಮವಲ್ಲ. ಸಹಿ ಮಾಡಲಾಗದ ಖಾತೆದಾರರ ಹೆಬ್ಬೆಟ್ಟಿನ ಗುರುತನ್ನು ಬ್ಯಾಂಕುಗಳು ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ ಒಪ್ಪುತ್ತವೆ; ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಅಫೇಸಿಯಾದಿಂದ ಉಂಟಾದ ಶಾಶ್ವತ ನ್ಯೂನತೆಯನ್ನು ವಾಕ್ ಮತ್ತು ಭಾಷಾ ವೈಕಲ್ಯದಲ್ಲಿ ಸೇರಿಸಿದೆ ಎಂಬುದೂ ತಿಳಿದಿರಲಿ.

ಚಿಕಿತ್ಸೆಯ ವಿಷಯದಲ್ಲಿ ಉದಾಸೀನ ಬೇಡ. ಮುಖ ಸೊಟ್ಟಗಾಗುವುದು, ಕೈ ಜೋಲುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಹಠಾತ್ತನೆ ಕಂಡರೂ ಒಡನೆಯೇ 108ಕ್ಕೆ ಕರೆ ಮಾಡಿ ವಿಜಯಪುರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ; ನಾಟಿ ಮದ್ದಿಗೆಂದು ಅಲೆದರೆ ಆ ಹೊತ್ತು ಕಳೆದುಹೋಗುತ್ತದೆ. ಬಳಿಕ ವಾಕ್ ಚಿಕಿತ್ಸೆ ಅವಶ್ಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿಷಯದಲ್ಲಿ ದೇಶಕ್ಕೇ ಹೆಸರಾಗಿದೆ. ದೂರದವರಿಗೆ ದೂರಸಂಪರ್ಕದ ಮೂಲಕವೂ ಅದು ಚಿಕಿತ್ಸೆ ನೀಡುತ್ತದೆ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ; ಆದರೆ ವರ್ಷಗಳು ಕಳೆದ ಮೇಲೂ ಅದು ಪೂರ್ತಿ ನಿಲ್ಲುವುದಿಲ್ಲ.

ಸ್ವೀಡನ್ ದೇಶದ ಕವಿ ತೋಮಾಸ್ ಟ್ರಾನ್ಸ್‌ಟ್ರೋಮರ್ ಅವರಿಗೆ 1990ರಲ್ಲಿ ಪಾರ್ಶ್ವವಾಯುವಾಗಿ ಬಲಗೈಯೂ ಬಹುಪಾಲು ಮಾತೂ ಹೋದವು. ಅವರ ನುಡಿಯನ್ನು ಪತ್ನಿ ಅರಿತು ಪರರಿಗೆ ತಿಳಿಸುತ್ತಿದ್ದರು. ಎಡಗೈಯಿಂದಲೇ ಪಿಯಾನೋ ನುಡಿಸಿದರು. ಕವನ ಸಂಗ್ರಹಗಳನ್ನೂ ಹೊರತಂದರು. 2011ರಲ್ಲಿ ನೊಬೆಲ್ ಪ್ರಶಸ್ತಿ ಅವರ ಮನೆಬಾಗಿಲಿಗೆ ಬಂದಿತು.

ಮಾತು ಕಳೆದುಕೊಂಡ ಹಿರಿಯರಿಗೂ ಒಂದು ಬಿನ್ನಹ: ಸರಿಯಾದ ಪದ ಸಿಗಲೆಂದು ಕಾಯುತ್ತ ಮೌನಕ್ಕೆ ಶರಣಾಗಬೇಡಿರಿ. ಅರ್ಧ ಪದ, ಕೈಸನ್ನೆ, ಒಂದು ಗೆರೆಯ ಚಿತ್ರ, ಎಲ್ಲವೂ ನುಡಿಯೇ. ಮನೆಯವರಿಗಾದರೋ ಹೇಳಬೇಕಾದುದು ಇಷ್ಟೇ: ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ. ನುಡಿಗಾಗಿ ತಡಕಾಡುವವರ ಎದುರು ಸಮಾಧಾನದಿಂದ ಕುಳಿತು, ಹೊತ್ತು ನೀಡುವುದೂ ದಾಸೋಹವೇ ಆಗಿದೆ.