ಸೈರನ್ ಕೇಳಿಸ್ತಾ? ಎಡಕ್ಕೆ ಸರೀರಿ!

ಭಾನುವಳ್ಳಿಯಿಂದ 108 ಆಂಬುಲೆನ್ಸ್ ಹೊರಟಿದೆ ಅಂದ್ಕೊಳ್ಳಿ. ಹರಿಹರ ದಾಟಿ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ ಸೇರಬೇಕು.

ಮೊದಲು ಎದುರಾಗೋದು ಹುಲ್ಲಿನ ಟ್ರ್ಯಾಕ್ಟರ್. ಲೋಡು ಎರಡೂ ಕಡೆ ಚಾಚಿದೆ, ಕನ್ನಡಿಯಲ್ಲಿ ಹಿಂದಿನದು ಕಾಣಲ್ಲ. ಮೇಲೆ ಸ್ಪೀಕರ್ ಹಾಡು ಬೇರೆ! ಸೌಂಡ್ ಸ್ವಲ್ಪ ಕಮ್ಮಿ ಮಾಡಣ್ಣ.

ಆಮೇಲೆ ಒಕ್ಕಣೆ. ಸುಗ್ಗಿ ಬಂದರೆ ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿ, ಅಂಚಿಗೆ ಕಲ್ಲು ಇಡ್ತೀವಿ. ದಾರಿ ಬಿಡೋಕೆ ಮನಸ್ಸಿದ್ದರೂ ಸರಿಯೋಕೆ ಜಾಗ ಎಲ್ಲಿ? ಇದು ಡ್ರೈವರ್ ತಪ್ಪಲ್ಲ, ಊರಿನ ತಪ್ಪು.

ದಾರಿ ಬಿಡೋದು ಹೇಗೆ? ಗಾಬರಿಯಾಗಿ ಗಕ್ಕನೆ ಬ್ರೇಕ್ ಒತ್ತಬೇಡಿ. ಎಡ ಇಂಡಿಕೇಟರ್ ಹಾಕಿ, ವೇಗ ತಗ್ಗಿಸಿ, ಎಡಕ್ಕೆ ಸರಿಯಿರಿ. ಆಂಬುಲೆನ್ಸ್ ಬಲಗಡೆಯಿಂದ ಹೋಗುತ್ತೆ. ಎದುರಿಂದ ಬರೋರೂ ತಮ್ಮ ಎಡಕ್ಕೇ ಸರೀಬೇಕು. ಕಾರಿನ ಗ್ಲಾಸ್ ಏರಿಸಿ ಎಸಿ ಹಾಕಿದ್ರೆ ಸೈರನ್ ತಡವಾಗಿ ಕೇಳಿಸುತ್ತೆ, ಆಗ ಕನ್ನಡಿಯೇ ಗತಿ. ಆಂಬುಲೆನ್ಸ್ ಮುಂದೆ ಅಕ್ಷರ ಉಲ್ಟಾ ಬರೆದಿರೋದು ಅದಕ್ಕೇ, ನಿಮ್ಮ ಕನ್ನಡಿಯಲ್ಲಿ ಸರಿಯಾಗಿ ಓದೋಕೆ.

ಕಾನೂನು? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಇ ಕಲಂ ನೋಡಿ. ದಾರಿ ಬಿಡದಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಅಗ್ನಿಶಾಮಕ ವಾಹನಕ್ಕೂ ಇದೇ ನಿಯಮ.

ಹಾಂ, ಆಂಬುಲೆನ್ಸ್ ಬೆನ್ನು ಹಿಡಿದು ನುಗ್ಗೋ ಬೈಕ್ ವೀರರೇ, ಆ ದಾರಿ ನಿಮಗೆ ಬಿಟ್ಟಿದ್ದಲ್ಲ. ಹಿಂದೆ ಇನ್ನೊಂದು ಗಾಡಿ ಬರ್ತಿರಬಹುದು. ಕನ್ನಡಿ ನೋಡಿ, ಆಮೇಲೆ ರಸ್ತೆಗೆ ಬನ್ನಿ.