ಮಂಜುಗಡ್ಡೆಯ ಮೇಲೆ ಹಾಯಿ: ತಪ್ಪು ಕಲ್ಪನೆ ಮತ್ತು ಸತ್ಯ
ಹೆಪ್ಪುಗಟ್ಟಿದ ಸರೋವರದ ಮೇಲೆ ಹಾಯಿ ಬಿಚ್ಚಿ ಓಡಿಸುವ ಐಸ್ ಬೋಟು ಗಾಳಿಯ ವೇಗವನ್ನು ಮೀರಲಾರದು ಎಂಬುದು ಬಹುಜನರ ನಂಬಿಕೆ. ಬೀಸುವ ಗಾಳಿಯನ್ನೇ ನೆಚ್ಚಿದ ವಾಹನ ಅದನ್ನು ಹಿಂದಿಕ್ಕುವುದು ಹೇಗೆ ಎಂಬ ಅನುಮಾನ ಸಹಜವೇ. ಆದರೆ ಇಲ್ಲಿ ಗಾಳಿ ಬೆನ್ನಹಿಂದೆ ನಿಂತು ತಳ್ಳುವುದಿಲ್ಲ. ಬೋಟು ಗಾಳಿಗೆ ಅಡ್ಡವಾಗಿ ಹೊರಟೊಡನೆ, ಓಟದಿಂದ ಹುಟ್ಟುವ ಎದುರುಗಾಳಿ ಬೀಸುಗಾಳಿಯೊಡನೆ ಕೂಡಿ ಹಾಯಿಗೆ ಮುಂಬದಿಯಿಂದ, ಇನ್ನಷ್ಟು ಬಿರುಸಾಗಿ ತಗಲುತ್ತದೆ. ಹಾಯಿ ವಿಮಾನದ ರೆಕ್ಕೆಯ ಕೆಲಸ ಮಾಡುತ್ತದೆ. ಕೆಳಗಿನ ಮೂರು ಉಕ್ಕಿನ ಅಲಗುಗಳು ಮುಂದಕ್ಕೆ ಸಲೀಸಾಗಿ ಜಾರಿದರೂ ಪಕ್ಕಕ್ಕೆ ಜಾರುವುದಿಲ್ಲ. ಹೀಗಾಗಿ ಒಳ್ಳೆಯ ಮಂಜುಗಡ್ಡೆಯ ಮೇಲೆ ಗಾಳಿಯ ಮೂರು ಪಟ್ಟು ವೇಗ ಅಪರೂಪವಲ್ಲ. 19ನೇ ಶತಮಾನದಲ್ಲೇ ಅಮೆರಿಕದ ಹಡ್ಸನ್ ನದಿಯ ಐಸ್ ಬೋಟುಗಳು ದಡದ ರೈಲುಗಳೊಡನೆ ಪಂದ್ಯಕ್ಕಿಳಿಯುತ್ತಿದ್ದವು. ಆದ್ದರಿಂದ ಹೊಸಬರು ಜೋರು ಗಾಳಿಗೆ ಕಾಯಬೇಕಿಲ್ಲ. ಗಂಟೆಗೆ 15 ಕಿಲೋಮೀಟರಿನ ಗಾಳಿ ಧಾರಾಳವಾಯಿತು.

ನೀರಿನ ಹಾಯಿದೋಣಿ ನಡೆಸಿದವರಿಗೆ ಇಲ್ಲಿ ಕಲಿಯುವುದೇನೂ ಇಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ಗಾಳಿ ಬೀಸುವ ಕಡೆಗೇ ಸಾಗುವಾಗ ನೀರಿನಲ್ಲಿ ಹಾಯಿಯನ್ನು ಅಗಲವಾಗಿ ಬಿಡುತ್ತಾರೆ. ಮಂಜುಗಡ್ಡೆಯ ಮೇಲೆ ವೇಗ ಹಿಡಿದ ಬಳಿಕ ಗಾಳಿ ಸದಾ ಮುಂದಿನಿಂದಲೇ ಬರುವುದರಿಂದ ಹಗ್ಗವನ್ನು ಬಿಗಿಯಾಗಿಯೇ ಹಿಡಿಯಬೇಕು, ಓರೆಯಾಗಿ ಅಂಕುಡೊಂಕಾಗಿ ಸಾಗಬೇಕು. ಹೆದರಿದಾಗ ಗಾಳಿಗೆ ಬೆನ್ನು ತಿರುಗಿಸುವುದು ಎಲ್ಲಕ್ಕಿಂತ ಅಪಾಯದ ಅಭ್ಯಾಸ: ಹಾಗೆ ತಿರುಗುವಾಗ ಬೋಟು ನಿಧಾನವಾಗುವ ಬದಲು ನುಗ್ಗುತ್ತದೆ. ನಿಲ್ಲಿಸುವ ದಾರಿ ಒಂದೇ, ಹಗ್ಗ ಸಡಿಲಿಸಿ ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸುವುದು. ಮೊದಲ ದಿನ ಕಲಿಯಬೇಕಾದದ್ದು ಓಡಿಸುವುದನ್ನಲ್ಲ, ಇದನ್ನು.

ಇದು ಶ್ರೀಮಂತರ ಆಟವೆಂಬ ಭಾವನೆ ಹಡ್ಸನ್ ನದಿಯ ಭಾರಿ ಬೋಟುಗಳ ಕಾಲಕ್ಕೆ ಒಪ್ಪುತ್ತಿತ್ತು. 1937ರಲ್ಲಿ ‘ಡೆಟ್ರಾಯಿಟ್ ನ್ಯೂಸ್’ ಪತ್ರಿಕೆಯ ಹವ್ಯಾಸಿ ಕಾರ್ಯಾಗಾರದಲ್ಲಿ ರೂಪುಗೊಂಡ ‘ಡಿಎನ್’ ಬೋಟು ಒಬ್ಬರಿಗಷ್ಟೇ ಜಾಗವಿರುವ, ಮನೆಯಲ್ಲೇ ಕಟ್ಟಿಕೊಳ್ಳಬಹುದಾದ 12 ಅಡಿಯ ಮರದ ಒಡಲು. ಬಿಚ್ಚಿ ಕಾರಿನ ಮೇಲೆ ಹೇರಬಹುದು. ಅಮೆರಿಕದಲ್ಲೂ ಯುರೋಪಿನಲ್ಲೂ ಇಂದಿಗೂ ಹೆಚ್ಚಾಗಿ ಓಡುವುದು ಇದೇ.

ಚಳಿ ಕಡುವಾದಷ್ಟೂ ಮಂಜುಗಡ್ಡೆ ಭದ್ರ ಎಂಬ ನಂಬಿಕೆಗೆ ಮಾತ್ರ ಜೀವದ ಬೆಲೆ ತೆರಬೇಕಾದೀತು. ಮೇಲೆ ಬಿದ್ದ ಹಿಮ ಕಂಬಳಿಯಾಗಿ ಚಳಿಯನ್ನು ತಡೆದು, ಕೆಳಗಿನ ಪದರ ದಪ್ಪವಾಗದಂತೆ ಮಾಡುತ್ತದೆ. ಊಟೆಗಳಿರುವಲ್ಲಿ, ತೊರೆ ಬಂದು ಸೇರುವಲ್ಲಿ, ಸೇತುವೆಯಡಿಯಲ್ಲಿ ಅದು ಸದಾ ತೆಳು. ಕಪ್ಪಾಗಿ, ಪಾರದರ್ಶಕವಾಗಿ ಕಾಣುವುದು ದುರ್ಬಲವೆಂದು ತೋರಿದರೂ ಅದೇ ಗಟ್ಟಿ. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿಯ ಪದರಕ್ಕೆ ಅದರ ಅರ್ಧದಷ್ಟೇ ಬಲ. ಹೊಸ, ಸ್ವಚ್ಛ ಮಂಜುಗಡ್ಡೆ ಕನಿಷ್ಠ 10 ಸೆಂಟಿಮೀಟರ್ ದಪ್ಪವಿರಬೇಕು, ಬಿಳಿಯದಾದರೆ ಅದರ ಇಮ್ಮಡಿ. ಒಂದೆಡೆ ಕೊರೆದು ಅಳೆದರೆ ಸಾಲದು. ಹತ್ತು ಹೆಜ್ಜೆಯಾಚೆ ಅಳತೆ ಬೇರೆಯಾಗಬಹುದು.

ಈಜು ಬಲ್ಲವರಿಗೆ ಭಯವಿಲ್ಲ ಎಂಬುದೂ ಪೊಳ್ಳು. ಒಡೆದ ಅಂಚು ಜಾರುತ್ತದೆ, ಹಿಡಿತ ಸಿಗುವುದಿಲ್ಲ, ಕೊರೆವ ನೀರಿನಲ್ಲಿ ಕೈಗಳು ಬೇಗನೆ ಮರಗಟ್ಟುತ್ತವೆ. ಅದಕ್ಕೇ ಹೆಲ್ಮೆಟ್, ತೇಲುವ ಜಾಕೆಟ್, ಮೊಳೆಯುಳ್ಳ ಬೂಟುಗಳ ಜೊತೆಗೆ ಕೊರಳಲ್ಲಿ ಒಂದು ಜೊತೆ ಚೂಪು ಮೊಳೆಯ ಹಿಡಿಗಳೂ ಇರಬೇಕು, ಹಗ್ಗ ಹಿಡಿದ ಜೊತೆಗಾರನೂ ಇರಬೇಕು. ಬಿದ್ದವರು ಬಂದ ದಿಕ್ಕಿಗೇ ತಿರುಗಿ, ಮೊಳೆಗಳನ್ನು ಚುಚ್ಚಿ, ಕಾಲು ಬಡಿಯುತ್ತ ಮೇಲೇರಬೇಕು. ಮೇಲೆ ಬಂದ ಮೇಲೂ ಎದ್ದು ನಿಲ್ಲದೆ, ಗಟ್ಟಿ ನೆಲೆ ಸಿಗುವವರೆಗೆ ಉರುಳುತ್ತಲೇ ದೂರ ಸರಿಯಬೇಕು.